ತಾನಾಗಿ ಹೆಚ್ಚುತ್ತಿದ್ದ ಆಯಿಲ್

ಗಾಡಿ ಆಯಿಲ್ ಕುಡಿಯುತ್ತದೆ ಎಂದು ದೂರು ತರುವವರನ್ನು ದಿನವೂ ನೋಡುತ್ತಿದ್ದೆ. ತನ್ನ ಗಾಡಿಯಲ್ಲಿ ಆಯಿಲ್ ತಾನಾಗಿ ಹೆಚ್ಚುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದವನು ಅವನೊಬ್ಬನೇ.

ಅವನು ಮರಣಬಾವಿಯ ಮ್ಯಾನೇಜರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊಸಕೋಟೆಯಲ್ಲಿ ಮದ್ರಾಸ್ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡಿತ್ತು. ಮೋಟಾರ್ ಸೈಕಲ್ಲು, ಸ್ಕೂಟರು, ತೋಟದವರ ನೀರೆತ್ತುವ ಇಂಜಿನ್ನು, ಯಾವುದು ಬಂದರೂ ಬಿಚ್ಚುತ್ತಿದ್ದೆ. ಆ ಬೇಸಿಗೆಯಲ್ಲಿ ಸಂತೆ ಮೈದಾನದ ಆಚೆಗಿನ ಖಾಲಿ ಜಾಗದಲ್ಲಿ ಹಲಗೆಗಳನ್ನು ದುಂಡಗೆ ನಿಲ್ಲಿಸಿ ಒಂದು ಬಾವಿ ಕಟ್ಟಿದ್ದರು. ನೆಲದೊಳಕ್ಕೆ ತೋಡಿದ ಬಾವಿಯಲ್ಲ, ನೆಲದ ಮೇಲೆ ಎದ್ದುನಿಂತ ಬಾವಿ. ಜನ ಹೊರಗಿನ ಮೆಟ್ಟಿಲು ಹತ್ತಿ ಅಂಚಿನಲ್ಲಿ ನಿಂತು ಒಳಕ್ಕೆ ಬಗ್ಗಿ ನೋಡಬೇಕು. ಒಳಗೆ ಮೋಟಾರ್ ಸೈಕಲ್ಲು ಮೊದಲು ತಳದ ಇಳಿಜಾರಿನಲ್ಲಿ ಸುತ್ತಿ, ವೇಗ ಹಿಡಿದು, ನೆಟ್ಟಗಿನ ಗೋಡೆ ಹತ್ತಿ, ಹಲ್ಲಿಯ ಹಾಗೆ ಅಡ್ಡಡ್ಡಲಾಗಿ ಓಡುತ್ತದೆ. ನನ್ನ ಶೆಡ್ಡಿಗೂ ಅದರ ಸದ್ದು ಕೇಳಿಸುತ್ತಿತ್ತು. ಕೆಲಸದಲ್ಲಿ ಮುಳುಗಿದವನಿಗೆ ಹೋಗಿ ನೋಡಬೇಕೆನ್ನಿಸಿರಲಿಲ್ಲ.

ಮ್ಯಾನೇಜರು ಒಂದು ಬೆಳಿಗ್ಗೆ ಕೆಂಪು ಬಣ್ಣದ ದೊಡ್ಡ ಗಾಡಿಯನ್ನು ತಳ್ಳಿಸಿಕೊಂಡು ಬಂದ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿನ ಹಳೆಯ ಗಾಡಿ. ಸೈಲೆನ್ಸರ್ ಬಿಚ್ಚಿ ಹಾಕಿದ್ದರು. ಸ್ಟಾರ್ಟ್ ಆಗುವುದಕ್ಕೆ ಸತಾಯಿಸುತ್ತದೆ, ಬಿಸಿಯಾದ ಮೇಲೆ ಒಳಗೆ ಟಕಟಕ ಅನ್ನುತ್ತದೆ ಎಂಬುದು ಅವನ ದೂರು.

"ಆಯಿಲ್ ಯಾವಾಗ ಹಾಕಿದ್ರಿ?" ಎಂದೆ.

"ಅದೊಂದು ಚಿಂತೆ ಇಲ್ಲ ಮೇಸ್ತ್ರಿ. ಎಲ್ಲಾರ ಗಾಡೀಲೂ ಆಯಿಲ್ ಇಳಿಯುತ್ತೆ, ನಮ್ದರಲ್ಲಿ ಏರುತ್ತೆ. ಈ ಊರಿಗೆ ಬಂದ ಮೇಲೆ ಒಂದು ತೊಟ್ಟು ಹಾಕಿಲ್ಲ."

ಮುಚ್ಚಳ ತಿರುಗಿಸಿ ಅಳತೆಯ ಕಡ್ಡಿ ಹೊರತೆಗೆದೆ. ಗುರುತು ದಾಟಿ ಮೇಲಕ್ಕೆ ಬಂದಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದೆ. ಆಯಿಲ್ ಅಂದರೆ ಬೆರಳು ಜಾರಬೇಕು. ಇಲ್ಲಿ ಬೆರಳಿಗೆ ಬೆರಳು ಒರೆಸಿದಂತಾಯಿತು. ಕೆಳಗಿನ ನಟ್ಟು ಬಿಚ್ಚಿ ತಟ್ಟೆಗೆ ಇಳಿಸಿದರೆ ಕರಿನೀರಿನ ಹಾಗೆ ಸುರಿಯಿತು.

"ಏರಿದ್ದು ಆಯಿಲ್ ಅಲ್ಲ ಮ್ಯಾನೇಜರೇ. ಪೆಟ್ರೋಲು ಸೋರಿ ಒಳಗೆ ಸೇರ್ಕೊಂಡಿದೆ."

"ಪೆಟ್ರೋಲು ಅಲ್ಲಿಗ್ಯಾಕೆ ಹೋಗುತ್ತೆ?"

"ಅದನ್ನೇ ಹುಡುಕ್ಬೇಕು. ಇವತ್ತು ಗಾಡಿ ಇಲ್ಲೇ ಇರ್ಲಿ."

"ಮಧ್ಯಾಹ್ನ ಆಟ ಇದೆಯಲ್ಲ."

ಇದೇ ನನ್ನ ಮೊದಲ ತಲೆನೋವು. ಮಧ್ಯಾಹ್ನ ಮೂರರ ನಂತರ ಗಾಡಿ ಅವರಿಗೆ ಬೇಕು. ನನಗೆ ಸಿಗುವುದು ಬೆಳಗಿನ ಹೊತ್ತು ಮಾತ್ರ. ಗಾಡಿ ತಳ್ಳಿಕೊಂಡು ತಂದು ನನ್ನ ಕೈಗೆ ಒಪ್ಪಿಸುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತಿತ್ತು.

ಅವನ ಜೊತೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಗಂಡಸರ ಪ್ಯಾಂಟು, ಜಡೆಯನ್ನು ಅಂಗಿಯೊಳಕ್ಕೆ ತೂರಿಸಿಕೊಂಡಿದ್ದಳು. ಮ್ಯಾನೇಜರ ತಂಗಿ. ಬಾವಿಯಲ್ಲಿ ಗಾಡಿ ಓಡಿಸುವವಳು ಅವಳೇ ಎಂದು ಆಮೇಲೆ ತಿಳಿಯಿತು. ಮೊದಲಿದ್ದ ಇನ್ನೊಬ್ಬ ಸವಾರ ಬಿಟ್ಟುಹೋಗಿದ್ದನಂತೆ. ಅಣ್ಣತಂಗಿಯರದು ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕೋಲಾರದ ಕಡೆಯ ಕನ್ನಡ. ಅಣ್ಣ ಬೀಡಿ ಹಚ್ಚಲು ರಸ್ತೆಗೆ ಹೋದಾಗ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕೇಳಿದಳು.

"ಅಣ್ಣಾ, ಇದು ಹಿಂಗೆ ನೀರಾದ್ರೆ ಏನಾಗುತ್ತೆ?"

"ಪಿಸ್ಟನ್ ಕಾದು ಸಿಲಿಂಡರನ್ನ ಕಚ್ಕೊಳ್ಳುತ್ತೆ. ಹಿಂದಿನ ಚಕ್ರ ನಿಂತ್ಬಿಡುತ್ತೆ."

ಅವಳು ಎದ್ದು ಹಿಂದಿನ ಚಕ್ರವನ್ನೊಮ್ಮೆ ಮುಟ್ಟಿ ನೋಡಿದಳು. ಗೋಡೆಯ ಮೇಲೆ ಚಕ್ರ ನಿಂತರೆ ಏನು ಎಂದು ನಾನು ಹೇಳಲಿಲ್ಲ.

ಕಾರ್ಬುರೇಟರ್ ಬಿಚ್ಚಿದೆ. ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಕಾರ್ಬುರೇಟರಿನ ಮೈಗೆ ಅಂಟಿರುತ್ತಿರಲಿಲ್ಲ, ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತಿತ್ತು. ಬಟ್ಟಲೊಳಗೆ ಒಂದು ಹಿತ್ತಾಳೆಯ ಟೊಳ್ಳು ಡಬ್ಬಿ ತೇಲುತ್ತದೆ. ಪೆಟ್ರೋಲ್ ತುಂಬಿದಂತೆ ಡಬ್ಬಿ ಮೇಲೇರಿ, ಒಂದು ಸೂಜಿಯನ್ನು ಎತ್ತಿ ಬರುವ ದಾರಿ ಮುಚ್ಚಬೇಕು. ಮುಚ್ಚದಿದ್ದರೆ ನಿಂತ ಗಾಡಿಯಲ್ಲೂ ಪೆಟ್ರೋಲ್ ಉಕ್ಕಿ ಸಿಲಿಂಡರಿಗೆ ಹರಿದು, ಪಿಸ್ಟನ್ನಿನ ರಿಂಗುಗಳ ಸಂದಿಯಲ್ಲಿ ಜಾರಿ ಆಯಿಲ್ ಸೇರುತ್ತದೆ.

ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಿಸಿದೆ. ಒಳಗೆ ಗುಳುಗುಳು ಅಂದಿತು. ತೂತಾಗಿದೆ. ಟೀ ಅಂಗಡಿಯಿಂದ ಕುದಿಯುವ ನೀರು ತರಿಸಿ ಮುಳುಗಿಸಿದರೆ ಹೊಲಿಗೆಯ ಒಂದು ಕಡೆಯಿಂದ ಸಣ್ಣ ಗುಳ್ಳೆಗಳು ಎದ್ದವು. ಒಳಗಿನ ಪೆಟ್ರೋಲನ್ನೆಲ್ಲ ಹೊರಹಾಕಿ, ಒಣಗಿಸಿ, ಬೆಸುಗೆ ಹಾಕಿದೆ. ಬೆಸುಗೆ ಹೆಚ್ಚಾದರೆ ಡಬ್ಬಿ ಭಾರವಾಗಿ ಸರಿಯಾಗಿ ತೇಲುವುದಿಲ್ಲ. ಹಾಗಾಗಿ ಅರದಿಂದ ಉಜ್ಜಿ ಉಜ್ಜಿ ಕಣ್ಣಿಗೆ ಕಾಣದಷ್ಟು ತೆಳುವಾಗಿಸಿದೆ. ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆದ ಗೆರೆಯಿತ್ತು. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಹೊಸ ಸೂಜಿ ತಂದೆ. ಕೂರಿಸಲು ನೋಡಿದರೆ ಕೂದಲೆಳೆಯಷ್ಟು ಉದ್ದ ಹೆಚ್ಚು. ಮತ್ತೆ ಹೋದೆ. ಅಂಗಡಿಯವನು, "ಇದೇ ಸರಿ, ನಿಮ್ಮ ಗಾಡಿನೇ ತಪ್ಪು" ಎಂದ. ಬೇರೆ ಅಂಗಡಿ ಹುಡುಕಿ ತಂದೆ.

ಕಾರ್ಬುರೇಟರ್ ಇಂಜಿನ್ನಿಗೆ ಅಂಟುವ ಮುಖವೂ ಬಾಗಿತ್ತು. ಯಾರೋ ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನಟ್ಟು ಬಿಗಿದಿದ್ದರು. ಕಿಟಕಿಯ ಗಾಜಿನ ಮೇಲೆ ಉಜ್ಜುಕಾಗದ ಹರಡಿ, ಎಂಟರ ಆಕಾರದಲ್ಲಿ ತಿರುಗಿಸುತ್ತಾ ಸಮ ಮಾಡಿದೆ. ನಡುವೆ ಹಾಕಲು ಹೊಸ ಪ್ಯಾಕಿಂಗ್ ಕತ್ತರಿಸಿದೆ. ಇಂಜಿನ್ ತೊಳೆದು ಹೊಸ ಆಯಿಲ್ ತುಂಬಿದೆ. ಅವರ ಇನ್ನೊಂದು ಗಾಡಿ, ಕಪ್ಪು ಬಣ್ಣದ್ದು, ಅದಕ್ಕೂ ಇದೇ ಉಪಚಾರ. ಎರಡಕ್ಕೂ ಒಂದೇ ರೋಗ.

ವಾರ ಕಳೆಯುವ ಮೊದಲೇ ಮ್ಯಾನೇಜರು ಬಂದು ನಿಂತ.

"ಮೇಸ್ತ್ರಿ, ಏರೈತೆ."

ಕಡ್ಡಿ ತೆಗೆದು ನೋಡಿದೆ. ಹೌದು, ಏರಿತ್ತು. ಮೊದಲಿನಷ್ಟಲ್ಲ, ಆದರೆ ತೆಳುವಾಗಿತ್ತು. ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಕಾಕ್, ಸೋರುತ್ತಿರಬಹುದು ಎಂದು ಅದರ ಬೆಂಡು ಬದಲಾಯಿಸಿದೆ. ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚಿ ಎಂದು ಹತ್ತು ಸಲ ಹೇಳಿದೆ. ಮತ್ತೆ ಆಯಿಲ್ ಬದಲಾಯಿಸಿದೆ. ಮತ್ತೆ ಏರಿತು.

ಆಗಲೇ ನನಗೆ ಸಿಟ್ಟು ಬರಲು ಶುರುವಾದದ್ದು. ಯಾರ ಮೇಲೆಂದು ಗೊತ್ತಿರಲಿಲ್ಲ. ಊಟಕ್ಕೆ ಕೂತರೂ ಬಟ್ಟಲು, ಸೂಜಿ, ಡಬ್ಬಿ ಇವೇ ಕಣ್ಣ ಮುಂದೆ. "ಸಾರು ಹಾಕ್ಲಾ" ಎಂದು ಹೆಂಡತಿ ಕೇಳಿದರೆ "ಸೂಜಿ ಸರಿಯಾಗೇ ಇದೆ" ಎಂದಿದ್ದೆನಂತೆ. ಅವಳು ಬೇಸರದಿಂದ, "ಆ ಬಾವಿಯೋರು ಊರು ಬಿಟ್ಟು ಯಾವಾಗ ಹೋಗ್ತಾರೋ" ಎಂದಳು.

ಒಂದು ದಿನ ಕೆಂಪು ಗಾಡಿಯ ಬಟ್ಟಲನ್ನು ಮತ್ತೆ ಬಿಚ್ಚಿದಾಗ ಅದರ ತೋಳಿಗೂ ಆ ತೋಳಿನ ಮೇಲೆ ಕೂರುವ ಕಾರ್ಬುರೇಟರಿನ ಮೈಗೂ ನಡುವೆ ಇರಬೇಕಾದ ದಪ್ಪ ಫೈಬರ್ ವಾಷರಿನ ಮೇಲೆ ಗಮನ ಹೋಯಿತು. ಅದು ವಾಷರೇ ಅಲ್ಲ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರು. ಪೆಟ್ರೋಲಿನಲ್ಲಿ ನೆನೆದು ಮೆತ್ತಗಾಗಿ, ಬಿಗಿದಾಗ ಚಪ್ಪಟೆಯಾಗಿ, ಇಲ್ಲದಂತೆಯೇ ಆಗಿತ್ತು. ವಾಷರ್ ತೆಳುವಾದರೆ ಬಟ್ಟಲು ಮೇಲಕ್ಕೆ ಕೂರುತ್ತದೆ. ಬಟ್ಟಲು ಮೇಲಕ್ಕೆ ಕೂತರೆ ಒಳಗಿನ ಪೆಟ್ರೋಲಿನ ಮಟ್ಟವೂ ಮೇಲೆ. ಸೂಜಿ ಎಷ್ಟು ಚೆನ್ನಾಗಿ ಮುಚ್ಚಿದರೂ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಜೆಟ್ಟಿನ ಬಾಯಿಂದ ತೊಟ್ಟು ತೊಟ್ಟಾಗಿ ಜಿನುಗುತ್ತಲೇ ಇರುತ್ತದೆ. ಎರಡು ಗಾಡಿಯಲ್ಲೂ ಅದೇ ರಬ್ಬರು. ಮೊದಲ ಸಲವೇ ನಾನದನ್ನು ತೊಳೆದು ಮತ್ತೆ ಹಾಕಿದ್ದೆ.

ಊಹೆಯನ್ನು ನಂಬಿ ಸಾಕಾಗಿತ್ತು, ಕಣ್ಣಾರೆ ನೋಡಬೇಕಿತ್ತು. ಪಕ್ಕದ ಲೇತ್ ಅಂಗಡಿಯವನು ಒಂದು ಹಳೆಯ ನಟ್ಟಿಗೆ ಸಣ್ಣ ಮೂತಿ ಬೆಸೆದು ಕೊಟ್ಟ. ಅದನ್ನು ಜೆಟ್ಟಿನ ಕೆಳಗೆ ಕೂರಿಸಿ, ರಬ್ಬರ್ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಗಾಜಿನ ಕೊಳವೆ ಕಟ್ಟಿ ಕಾರ್ಬುರೇಟರಿನ ಪಕ್ಕಕ್ಕೆ ನಿಲ್ಲಿಸಿದೆ. ಕಾಕ್ ತೆರೆದರೆ ಗಾಜಿನಲ್ಲಿ ಪೆಟ್ರೋಲ್ ಏರಿ, ಜೆಟ್ಟಿನ ಬಾಯಿಗಿಂತ ಮೇಲಕ್ಕೆ ಹೋಗಿ ನಿಂತಿತು. ತಪ್ಪು ಕಣ್ಣೆದುರಿಗೇ ಇತ್ತು. ಸರಿಯಾದ ದಪ್ಪದ ಫೈಬರ್ ವಾಷರುಗಳನ್ನು ಕತ್ತರಿಸಿ ಹಾಕಿದೆ. ಮಟ್ಟ ಇಳಿದು ಜೆಟ್ಟಿನ ಬಾಯಿಗಿಂತ ಕೆಳಗೆ ನಿಂತಿತು. ಅರ್ಧ ಬೆಳಿಗ್ಗೆ ಕಾದು ನೋಡಿದೆ, ಅಲುಗಲಿಲ್ಲ.

ಗೆದ್ದೆ ಎಂದುಕೊಂಡೆ. ಲೇತಿನವನಿಗೆ ಟೀ ಕುಡಿಸಿದೆ.

ಮುಂದಿನ ವಾರ ಆಯಿಲ್ ಮಟ್ಟ ಬಹಳವೇನೂ ಏರಿರಲಿಲ್ಲ. ಆದರೆ ಬೆರಳಿಗೆ ಅದೇ ನೀರು. ಈ ಸಲ ನನಗೆ ನಿಜಕ್ಕೂ ದಿಕ್ಕು ತೋಚಲಿಲ್ಲ. ಇಂಜಿನ್ನಿನ ರಿಂಗುಗಳೇ ಹೋಗಿರಬಹುದು, ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕಾಗಬಹುದು ಎಂದೆ. ಮ್ಯಾನೇಜರು ಮುಖ ತಿರುಗಿಸಿಕೊಂಡು, "ನೀವು ದಿನಕ್ಕೊಂದು ಹೇಳ್ತೀರಿ ಮೇಸ್ತ್ರಿ. ಬೆಂಗ್ಳೂರಿಗೇ ತಗೊಂಡೋಗ್ಬೇಕಿತ್ತು" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು.

ಇಳಿಸಿದ ಆಯಿಲ್ ತಟ್ಟೆ ಶೆಡ್ಡಿನ ಹಿಂದೆ ಬಿಸಿಲಿಗೆ ಉಳಿದುಹೋಗಿತ್ತು. ಏಪ್ರಿಲ್ ಬಿಸಿಲು. ಪೆಟ್ರೋಲ್ ಬೆರೆತ ಆಯಿಲ್ ಹಾಗೆ ಬಿಟ್ಟರೆ ಪೆಟ್ರೋಲೆಲ್ಲ ಆರಿಹೋಗಿ ಆಯಿಲ್ ಮತ್ತೆ ಮಂದವಾಗಬೇಕು. ಮೊದಲ ಸಲ ಇಳಿಸಿದ್ದು ಸುಮಾರಾಗಿ ಹಾಗೇ ಆಗಿತ್ತು, ಸರಪಳಿಗೆ ಹಚ್ಚಲು ಎತ್ತಿಟ್ಟಿದ್ದೆ. ಇದು ಎಷ್ಟು ದಿನ ಬಿಸಿಲು ಕುಡಿದರೂ ತೆಳ್ಳಗೇ ಇತ್ತು. ಬಗ್ಗಿ ಮೂಸಿದೆ. ಪೆಟ್ರೋಲಿನ ವಾಸನೆ ಎಳ್ಳಷ್ಟೂ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಸ್ಟವ್ ಹಚ್ಚಿದಾಗ ಬರುವ ವಾಸನೆ.

ಸೀಮೆಎಣ್ಣೆ.

ಅಂದು ಮಧ್ಯಾಹ್ನ ಶೆಡ್ಡು ಮುಚ್ಚಿ ಮೊದಲ ಬಾರಿಗೆ ಬಾವಿಯ ಹತ್ತಿರ ಹೋದೆ. ಬಾವಿಯ ಮುಂಭಾಗದಲ್ಲಿ ಎತ್ತರದ ಒಂದು ಅಟ್ಟ ಕಟ್ಟಿದ್ದರು. ಆಟಕ್ಕೆ ಮುಂಚೆ ಎರಡೂ ಗಾಡಿಗಳನ್ನು ಆ ಅಟ್ಟದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರ ಅಲ್ಲೇ ತಿರುಗುವಂತೆ ಮಾಡಿ, ಗುಡುಗಿನಂತೆ ಸದ್ದು ಮಾಡಿಸಿ ಜನರನ್ನು ಕರೆಯುವುದು. ಮ್ಯಾನೇಜರು ಮೈಕ್ ಹಿಡಿಯುವ ಮೊದಲು ಒಂದು ಡಬ್ಬದಿಂದ ಎರಡೂ ಟ್ಯಾಂಕಿಗೆ ಏನೋ ಸುರಿಯುತ್ತಿದ್ದ. ನಾನು ಮೆಟ್ಟಿಲು ಹತ್ತಿ ಹೋಗಿ ಡಬ್ಬ ಹಿಡಿದುಕೊಂಡೆ.

"ಏನಿದು ಮ್ಯಾನೇಜರೇ?"

ಅವನಿಗೆ ಯಾವ ಅಳುಕೂ ಇರಲಿಲ್ಲ. "ಸೀಮೆಎಣ್ಣೆ. ಹೊಗೆ ಬೇಕಲ್ಲ. ಬರೀ ಸದ್ದಿಗೆ ಯಾರು ಬರ್ತಾರೆ? ಹೊಗೆ ಎದ್ರೆ ಬಸ್ ಸ್ಟ್ಯಾಂಡಿಂದಾನೇ ಕಾಣುತ್ತೆ, ಏನೋ ಆಗೋಯ್ತು ಅಂತ ಓಡಿ ಬರ್ತಾರೆ."

"ಇಷ್ಟು ದಿನ ನಾನು ಹುಡುಕ್ತಾ ಇದ್ದಿದ್ದು ಇದನ್ನೇ. ನನ್ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀವು ಕೇಳ್ಳಿಲ್ಲವಲ್ಲ."

ನಾನು ಕೇಳಿರಲಿಲ್ಲ, ನಿಜ. ಪೆಟ್ರೋಲ್ ಟ್ಯಾಂಕಿನಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ? ಅವನಿಗೆ ಬಿಡಿಸಿ ಹೇಳಿದೆ. ಪೆಟ್ರೋಲ್ ಸ್ವಲ್ಪ ಸೇರಿದರೂ ಇಂಜಿನ್ ಬಿಸಿಗೆ ಹಾರಿಹೋಗುತ್ತದೆ. ಸೀಮೆಎಣ್ಣೆ ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಗೆ ಹತ್ತಿ, ಅಲ್ಲಿಂದ ಕೆಳಗಿಳಿದು ಆಯಿಲ್ಲಿನಲ್ಲೇ ಉಳಿಯುತ್ತದೆ. ಉರುಳೆಯ ಮೇಲೆ ಗಾಳಿಯಿಲ್ಲದೆ ನಿಂತಲ್ಲೇ ಕಾದ ಇಂಜಿನ್ನು, ಅದರಲ್ಲಿ ಈ ಆಯಿಲ್ಲು, ಅದರ ಮೇಲೆ ನಿಮ್ಮ ತಂಗಿ. ಅವನು ತಲೆಯಾಡಿಸಿದ. "ಆಯ್ತು, ನಾಳೆಯಿಂದ ಹಾಕಲ್ಲ" ಎಂದ. ಅದು ನನ್ನನ್ನು ಅಟ್ಟದಿಂದ ಇಳಿಸಲು ಆಡಿದ ಮಾತು ಎಂದು ಆಗ ನನಗೆ ಹೊಳೆಯಲಿಲ್ಲ.

ಎರಡು ದಿನವಾದ ಮೇಲೆ ಸಂಜೆ ಬಾವಿಯ ಕಡೆಯಿಂದ ಬರುತ್ತಿದ್ದ ಸದ್ದು ಅರ್ಧಕ್ಕೇ ನಿಂತಿತು. ನಿಧಾನವಾಗಿ ಇಳಿದು ನಿಲ್ಲಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಓಡಿದೆ.

ಅವಳು ಬಾವಿಯ ತಳದಲ್ಲಿ ಹಲಗೆಗೆ ಒರಗಿ ಕೂತಿದ್ದಳು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತುಹೋಗಿತ್ತು. ಪ್ಯಾಂಟು ತೊಡೆಯ ಹತ್ತಿರ ಹರಿದು ರಕ್ತ ಜಿನುಗುತ್ತಿತ್ತು. ಕೆಂಪು ಗಾಡಿ ಅಡ್ಡ ಬಿದ್ದಿತ್ತು. ಮೇಲೆ ಜನ ಇನ್ನೂ ಬಗ್ಗಿ ನೋಡುತ್ತಿದ್ದರು.

"ಕೈ ಬಿಟ್ಟು ಓಡಿಸ್ತಿದ್ದೆ ಅಣ್ಣಾ," ಎಂದಳು. "ಸದ್ದು ಬಿಗಿಯಾಯ್ತು. ಅದು ಕಿವೀಗೆ ಬೀಳೋ ಮೊದ್ಲೇ ಕೈ ಕ್ಲಚ್ಚಿಗೆ ಹೋಗಿತ್ತು. ಇಲ್ದಿದ್ರೆ..."

ಕ್ಲಚ್ ಹಿಡಿದದ್ದರಿಂದ ಚಕ್ರ ನಿಲ್ಲದೆ ಉರುಳಿ, ವೇಗ ಕಳೆದುಕೊಂಡು ಸುತ್ತುತ್ತಾ ಕೆಳಗಿಳಿದಿತ್ತು. ಕೊನೆಯ ಇಳಿಜಾರಿನಲ್ಲಿ ಮಾತ್ರ ಜಾರಿ ಬಿದ್ದಿದ್ದಳು. ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಅದೇ ಸ್ಟವ್ವಿನ ವಾಸನೆ.

ಮ್ಯಾನೇಜರು ನನ್ನನ್ನೇ ನೋಡುತ್ತಿದ್ದ. "ಇವತ್ತು ಸಂತೆ ಜನ ಇದ್ರು ಮೇಸ್ತ್ರಿ. ಅದಕ್ಕೇ ಸ್ವಲ್ಪ" ಎಂದ.

ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಪಾನಾ ತಂದು, ಕೆಂಪು ಗಾಡಿಯ ಕಾರ್ಬುರೇಟರ್ ಬಿಚ್ಚಿದೆ. ಕಪ್ಪು ಗಾಡಿಯ ಹತ್ತಿರ ಹೋಗಿ ಅದರದ್ದೂ ಬಿಚ್ಚಿದೆ. ಬಟ್ಟಲುಗಳ ಸಮೇತ ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಹೊರಟೆ.

"ಅದ್ಯಾಕೆ ಬಿಚ್ತಿದ್ದೀರಿ? ಕಪ್ಪು ಗಾಡಿ ಚೆನ್ನಾಗೈತಲ್ಲ. ನಾಳೆ ಆಟಕ್ಕೆ ಬೇರೆ ಯಾರನ್ನಾದ್ರೂ ಕರೆಸ್ತೀನಿ."

"ಕರೆಸ್ಕೊಳ್ಳಿ. ಕಾರ್ಬೇಟ್ರು ಮಾತ್ರ ನನ್ ಹತ್ರ ಇರುತ್ತೆ."

ಇನ್ನೊಬ್ಬರ ವಸ್ತುವನ್ನು ಹಾಗೆ ಎತ್ತಿಕೊಂಡು ಬರುವ ಹಕ್ಕು ನನಗಿರಲಿಲ್ಲ. ಮರುದಿನ ಅವನು ಹಲಗೆ ಕಟ್ಟುವ ಆಳುಗಳನ್ನು ಕರೆದುಕೊಂಡು ಶೆಡ್ಡಿನ ಮುಂದೆ ಬಂದು ನಿಂತಾಗ ಅದು ಚೆನ್ನಾಗಿಯೇ ಅರ್ಥವಾಯಿತು. ಪೊಲೀಸಿಗೆ ಹೇಳುತ್ತೇನೆ ಎಂದ. ಕಳ್ಳ ಎಂದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಲೇತ್ ಅಂಗಡಿಯವನು ಬಂದು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡ. ಒಂದು ಕ್ಷಣ, ಕೊಟ್ಟು ಕೈತೊಳೆದುಕೊಳ್ಳೋಣ, ಇದು ನನಗೇಕೆ ಬೇಕು ಎನ್ನಿಸಿದ್ದೂ ಸುಳ್ಳಲ್ಲ.

"ಪೊಲೀಸ್ನೋರು ಬರ್ಲಿ," ಎಂದೆ. "ಟ್ಯಾಂಕಿನ ಮುಚ್ಚಳ ಅವರ ಮುಂದೇನೇ ತೆಗೆಯೋಣ."

ಅವನು ಬೈಯುತ್ತಾ ಹೋದ. ಪೊಲೀಸರು ಬರಲಿಲ್ಲ. ಬಾವಿಯ ಕಡೆಯಿಂದ ಆ ದಿನಗಳಲ್ಲಿ ಸದ್ದೂ ಬರಲಿಲ್ಲ. ನಾನು ಅವನ ತಂಗಿಗೆ ಹೇಳಿಕಳಿಸಿ ಕೆಂಪು ಗಾಡಿಯ ಸಿಲಿಂಡರು, ಪಿಸ್ಟನ್ನು ತರಿಸಿಕೊಂಡು ನೋಡಿದೆ. ಪಿಸ್ಟನ್ನಿನ ಮೈಯಲ್ಲಿ ಗೀರುಗಳು, ಸಿಲಿಂಡರಿನ ಗೋಡೆಗೆ ಅಲ್ಯೂಮಿನಿಯಂ ಬಳಿದುಕೊಂಡಿತ್ತು. ಪುಣ್ಯಕ್ಕೆ ಆಳವಾಗಿರಲಿಲ್ಲ. ನಯವಾದ ಉಜ್ಜುಕಾಗದಲ್ಲಿ ಬಿಡಿಸಿ, ಪಿಸ್ಟನ್ನಿನ ಉಬ್ಬಿದ ಜಾಗಗಳನ್ನು ಅರದಿಂದ ಉಜ್ಜಿ ತೆಗೆದು, ಹೊಸ ರಿಂಗು ಹಾಕಿದೆ.

ಅವಳು ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಳು. ಅಣ್ಣನನ್ನು ಬಯ್ಯಲಿಲ್ಲ, ನನ್ನನ್ನು ಹೊಗಳಲೂ ಇಲ್ಲ.

"ಕಾರ್ಬೇಟ್ರು ಕೊಡಿ ಅಣ್ಣಾ. ನಾನು ಓಡಿಸ್ದಿದ್ರೆ ಆ ಹಲಗೆ ಹೊರೋರ ಮನೇಲೂ ಒಲೆ ಹತ್ತಲ್ಲ."

"ಮತ್ತೆ ಸುರೀತಾರೆ ಕಣಮ್ಮ."

"ಸುರಿದ್ರೆ ನಂಗೆ ಗೊತ್ತಾಗ್ಬೇಕು. ಹೆಂಗೆ ಗೊತ್ತಾಗುತ್ತೆ, ಅದನ್ನ ಹೇಳಿ."

ಅಲ್ಲಿಯವರೆಗೆ ನಾನು ಮಾತನಾಡುತ್ತಿದ್ದುದೆಲ್ಲ ಅವಳ ಅಣ್ಣನ ಜೊತೆ. ಆಯಿಲ್ ಕೆಟ್ಟರೆ ಬೀಳುವವಳು ಇವಳು, ಇವಳಿಗೆ ಕಡ್ಡಿ ತೆಗೆದು ನೋಡಲು ಯಾರೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಒಂದು ಬಟ್ಟಲಲ್ಲಿ ಒಳ್ಳೆಯ ಆಯಿಲ್, ಇನ್ನೊಂದರಲ್ಲಿ ಪೆಟ್ರೋಲ್ ಬೆರೆಸಿದ್ದು, ಮತ್ತೊಂದರಲ್ಲಿ ಸೀಮೆಎಣ್ಣೆ ಬೆರೆಸಿದ್ದು ಇಟ್ಟೆ. ಬೆರಳಲ್ಲಿ ಉಜ್ಜಿಸಿದೆ, ಮೂಸಿಸಿದೆ. ಹಳೆಯ ಪತ್ರಿಕೆಯ ಮೇಲೆ ಒಂದೊಂದು ತೊಟ್ಟು ಬಿಡಿಸಿದೆ. ಒಳ್ಳೆಯದು ಬಿದ್ದಲ್ಲೇ ಉಳಿಯಿತು. ಕೆಟ್ಟವುಗಳ ಸುತ್ತ ತೆಳು ಉಂಗುರ ಬೇಗ ಬೇಗ ಹರಡಿತು. ಕಣ್ಣು ಮುಚ್ಚಿಸಿ ಬಟ್ಟಲುಗಳನ್ನು ಅದಲುಬದಲು ಮಾಡಿ ಕೇಳಿದೆ. ಒಮ್ಮೆ ತಪ್ಪಿದಳು, ಆಮೇಲೆ ತಪ್ಪಲಿಲ್ಲ.

ನಾನೇ ಹೋಗಿ ಎರಡೂ ಕಾರ್ಬುರೇಟರ್ ಕೂರಿಸಿದೆ. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಗಾಜಿನ ಕೊಳವೆ ಕಟ್ಟಿ ಮಟ್ಟ ನೋಡಿದೆ. ಮ್ಯಾನೇಜರ ಜೊತೆ ಒಂದು ಒಪ್ಪಂದವಾಯಿತು. ಹೊಗೆ ಬೇಕೇ ಬೇಕಾದರೆ ಕಪ್ಪು ಗಾಡಿಗೆ ಏನಾದರೂ ಸುರಿದುಕೊಳ್ಳಲಿ, ಅದು ಅಟ್ಟದಲ್ಲೇ ಇರಲಿ. ಕೆಂಪು ಗಾಡಿ ಬಾವಿಗೆ ಮಾತ್ರ, ಅಟ್ಟ ಹತ್ತಕೂಡದು. ಅವನು ಮುಖ ಗಂಟಿಕ್ಕಿಕೊಂಡೇ ಒಪ್ಪಿದ. ಕೆಲವು ದಿನ ಅದು ನಡೆಯಿತು ಕೂಡ. ನಾನು ಮಧ್ಯೆ ಹೋಗಿ ಕಡ್ಡಿ ತೆಗೆದು ನೋಡಿದರೆ ಆಯಿಲ್ ಇದ್ದಲ್ಲೇ ಇತ್ತು, ಮಂದವಾಗಿಯೇ ಇತ್ತು.

ಅವರು ಚಿಂತಾಮಣಿಗೆ ಹೊರಡುವ ಮುಂಚಿನ ಭಾನುವಾರ ಕಪ್ಪು ಗಾಡಿಯ ಚೈನ್ ತುಂಡಾಯಿತೆಂದು ಹೇಳಿಕಳಿಸಿದರು. ಆಯಿಲ್ ಡಬ್ಬ, ಸಾಮಾನು ತೊಳೆಯುವ ಪೆಟ್ರೋಲ್ ಕ್ಯಾನು, ಪಾನಾಗಳ ಚೀಲ ಹಿಡಿದುಕೊಂಡು ಹೋದೆ. ಹೋಗುವಷ್ಟರಲ್ಲಿ ಬಾವಿಯ ಸುತ್ತ ಜನ ತುಂಬಿದ್ದರು. ಸೂಲಿಬೆಲೆ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಅಟ್ಟದ ಮೇಲೆ ಉರುಳೆಯಲ್ಲಿ ಕಪ್ಪು ಗಾಡಿಯ ಬದಲು ಕೆಂಪು ಗಾಡಿ ಗುಡುಗುತ್ತಿತ್ತು, ಬಿಳಿ ಹೊಗೆ ಕಾರುತ್ತಿತ್ತು. ನಾನು ಕೂಗಿ ಕೈಬೀಸಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಗಾಡಿಯನ್ನು ಇಳಿಸಿ ಬಾವಿಯೊಳಕ್ಕೆ ತಳ್ಳಿಕೊಂಡು ಬಂದರು. ನಾನೂ ಸಣ್ಣ ಬಾಗಿಲಿನಿಂದ ಒಳನುಗ್ಗಿದೆ. ಅವಳು ಆಗಲೇ ಮುಚ್ಚಳ ತಿರುಗಿಸಿ ಕಡ್ಡಿ ಕೈಯಲ್ಲಿ ಹಿಡಿದಿದ್ದಳು. ಬೆರಳಲ್ಲಿ ಉಜ್ಜಿದಳು. ಮೂಸಿದಳು. ಕೈಗವಸನ್ನು ಕಳಚಿ ಸೀಟಿನ ಮೇಲಿಟ್ಟಳು.

"ನೇನು ಎಕ್ಕನು ಅನ್ನಾ," ಎಂದಳು ಅಣ್ಣನಿಗೆ. ನಾನು ಹತ್ತೋದಿಲ್ಲ ಅಂತ.

ಮೇಲೆ ಜನ ಸೀಟಿ ಹೊಡೆಯುತ್ತಿದ್ದರು. ಯಾರೋ ಕಡ್ಲೆಕಾಯಿ ಸಿಪ್ಪೆ ಎಸೆದರು. ಮ್ಯಾನೇಜರು ಮೊದಲು ಗದರಿದ, ಆಮೇಲೆ ಗೋಗರೆದ. ಅವಳು ಅಲುಗಲಿಲ್ಲ. ಕೊನೆಗೆ ಅವನು ನನ್ನ ಕಡೆ ತಿರುಗಿದ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಮೇಸ್ತ್ರಿ, ನೀವಾದ್ರೂ ಹೇಳಿ. ಒಂದು ಆಟಕ್ಕೆ ಏನಾಗುತ್ತೆ?"

ನಾನು ಕಡ್ಡಿ ತೆಗೆದುಕೊಂಡು ನೋಡಿದೆ. ಸೀಮೆಎಣ್ಣೆ ಸೇರಿತ್ತು, ಆದರೆ ಸ್ವಲ್ಪವೇ. ನಿಜ ಹೇಳಬೇಕೆಂದರೆ ಆ ಒಂದು ಆಟವನ್ನು ಆ ಆಯಿಲ್ ತಡೆದುಕೊಳ್ಳುತ್ತಿತ್ತು. ನನ್ನ ಸ್ವಂತ ಗಾಡಿಯಾಗಿದ್ದರೆ ಅದರಲ್ಲೇ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹತ್ತೋರು ಅವ್ರು," ಎಂದೆ. "ಅವ್ರು ಬೇಡ ಅಂದ್ರೆ ಬೇಡ."

ಮ್ಯಾನೇಜರು ತಲೆಯೆತ್ತಿ ಜನರ ಕಡೆ ನೋಡಿದ. ಆಮೇಲೆ ತಾನೇ ಹೋಗಿ ನನ್ನ ಚೀಲ, ಡಬ್ಬ, ಕ್ಯಾನು ಎಲ್ಲವನ್ನೂ ಬಾವಿಯೊಳಕ್ಕೆ ತಂದಿಟ್ಟ. ಅಷ್ಟು ಜನರ ಕಣ್ಣ ಕೆಳಗೆ ನಾನು ಮೊಣಕಾಲೂರಿ ನಟ್ಟು ಬಿಚ್ಚಿ ತಟ್ಟೆಗೆ ಬಿಸಿ ಆಯಿಲ್ ಇಳಿಸಿದೆ. ಟ್ಯಾಂಕು ಖಾಲಿ ಮಾಡಿದೆ. ಬಟ್ಟಲು ತೆರೆದು ಒರೆಸಿ, ಟ್ಯಾಂಕಿಗೆ ಕ್ಯಾನಿನ ಪೆಟ್ರೋಲ್ ಸುರಿದೆ. ಮೇಲಿನಿಂದ ಬೈಗುಳ ಬರುತ್ತಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಮ್ಯಾನೇಜರ ದನಿ ಕೇಳಿಸಿತು. ಸಾವಿನ ಜೊತೆ ಸರಸಕ್ಕೆ ಮುನ್ನ ಗಾಡಿಯ ಆಯಿಲ್ ಬದಲಾಯಿಸಲಾಗುತ್ತಿದೆ, ಮಹಾಜನರು ನಿಶ್ಶಬ್ದವಾಗಿ ನೋಡಬೇಕು ಎಂದು ಸಾರುತ್ತಿದ್ದ. ಆಶ್ಚರ್ಯವೆಂದರೆ ಜನ ಸುಮ್ಮನಾದರು. ಆಯಿಲ್ ತುಂಬುವುದನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಾರರು.

ನಾನು ನಟ್ಟು ಬಿಗಿಯುವಾಗ ಅವಳು ನೆಲದ ಮೇಲೆ ಬಗ್ಗಿ ಹುಡುಕುತ್ತಿದ್ದಳು. ಇಳಿಜಾರಿನ ಹಲಗೆಯ ಮೇಲೆ ನನ್ನ ತಟ್ಟೆಯಿಂದ ಸಿಡಿದ ಒಂದೆರಡು ತೊಟ್ಟು ಸಿಕ್ಕಿದವು. ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಮಣ್ಣು ಉಜ್ಜಿ, ಮತ್ತೆ ಒರೆಸಿ, ಅಂಗೈಯಿಟ್ಟು ಜಾರುತ್ತದೆಯೇ ಎಂದು ನೋಡಿದಳು. ಹೊಸ ಆಯಿಲ್ಲಿಗೂ ಕಡ್ಡಿ ಹಾಕಿ ಮೂಸಿದಳು. ನನ್ನ ಮಾತನ್ನು ಅವಳು ನಂಬಬೇಕೆಂದು ನನಗೂ ಅನ್ನಿಸಲಿಲ್ಲ. ಆಮೇಲೆ ಕೈಗವಸು ಹಾಕಿಕೊಂಡಳು.

"ನೀವು ಮಧ್ಯದಲ್ಲಿ ನಿಂತ್ಕೊಳ್ಳಿ ಅಣ್ಣಾ. ಗೋಡೆ ಹತ್ರ ಬರ್ಬೇಡಿ."

ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಇಳಿಜಾರಿನಲ್ಲಿ ಸುತ್ತಿದಳು, ಆಮೇಲೆ ಸದ್ದು ನನ್ನ ಸುತ್ತ ಏರತೊಡಗಿತು. ಹಲಗೆಗಳು ಒಂದೊಂದಾಗಿ ನಡುಗಿದವು. ತಲೆಯೆತ್ತಿ ನೋಡಬೇಕೆಂದುಕೊಂಡೆ, ಆಗಲಿಲ್ಲ. ಕಾಲ ಬುಡದ ನೆಲವನ್ನು ನೋಡುತ್ತಾ ಬರೀ ಕಿವಿಗೊಟ್ಟು ನಿಂತೆ. ಟಕಟಕ ಇಲ್ಲ, ಬಿಗಿತ ಇಲ್ಲ, ತಡವರಿಕೆ ಇಲ್ಲ. ಸದ್ದು ನನ್ನ ಹಿಂದೆ ಹೋಗಿ ಮುಂದೆ ಬಂತು, ಮತ್ತೆ ಹಿಂದೆ ಹೋಗಿ ಮುಂದೆ ಬಂತು. ಮೇಲೆ ಜನ ಒಮ್ಮೆಗೇ ಹೋ ಎಂದರು. ಅವಳು ಕೈ ಬಿಟ್ಟಿದ್ದಾಳೆ ಎಂದು ತಿಳಿಯಿತು.